ಎಫ್8ಬಿ: ಕಿಲೋಮೀಟರ್ ಬಿಟ್ಟು ರೇಡಿಯೇಟರ್ ನೋಡಿ ಖರೀದಿಸಬೇಕಾದ ಎಂಜಿನ್

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು ನಾನು. ಸಿಲಿಂಡರಿನ ಘನಫಲದ ಪಾಠ ಬಂದಾಗಲೆಲ್ಲ ಬೋರ್ಡಿನ ಮೇಲೆ ಒಂದೇ ಲೆಕ್ಕ ಬರೆಯುತ್ತಿದ್ದೆ. ವ್ಯಾಸ 68.5 ಮಿಲಿಮೀಟರ್, ಎತ್ತರ 72 ಮಿಲಿಮೀಟರ್, ಅಂಥವು ಮೂರು, ಒಟ್ಟು ಎಷ್ಟು? ಹುಡುಗರು ಪೈ ಹಿಡಿದು ಗುದ್ದಾಡಿ 796 ಘನ ಸೆಂಟಿಮೀಟರಿಗೆ ಬಂದು ನಿಲ್ಲುವ ಹೊತ್ತಿಗೆ, ಕಿಟಕಿಯಾಚೆ ನಿಂತಿದ್ದ ನನ್ನ ಕಾರನ್ನು ತೋರಿಸಿ "ಅದರ ಹೊಟ್ಟೆ ಇಷ್ಟೇ ಕಣ್ರೋ" ಅನ್ನುತ್ತಿದ್ದೆ. ಕಾರು 1997ರ ಮಾರುತಿ 800. ಎಂಜಿನ್ ಹೆಸರು ಎಫ್8ಬಿ.

2006ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಾಗ ಮೀಟರಿನಲ್ಲಿ 68 ಸಾವಿರ ಇತ್ತು. ಈಗ ಒಂದು ಲಕ್ಷ ಎಪ್ಪತ್ತನಾಲ್ಕು ಸಾವಿರ. ಇಷ್ಟರಲ್ಲಿ ಎಂಜಿನ್ ಎರಡು ಸಲ ಬಿಚ್ಚಿದ್ದೇನೆ. ಬಿಚ್ಚಿಸಿದ್ದೇನೆ ಅನ್ನಬೇಕು, ಆದರೆ ಎರಡನೇ ಸಲ ಅರ್ಧ ಕೆಲಸ ನಾನೇ ಮಾಡಿದ್ದರಿಂದ ಹೀಗೆ ಹೇಳಿಕೊಳ್ಳುವ ಹಕ್ಕಿದೆ. ಈಚೆಗೆ ನನ್ನ ಹಳೇ ವಿದ್ಯಾರ್ಥಿಗಳಲ್ಲಿ ಮೂರ್ನಾಲ್ಕು ಜನ ಫೋನ್ ಮಾಡಿ, "ಸಾರ್, ಒಂದು ಹಳೇ 800 ಸಿಕ್ಕಿದೆ, ತಗೊಳ್ಳಲಾ?" ಅಂತ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಮೊದಲು ಇದು ಎಂಥ ಎಂಜಿನ್ ಅನ್ನುವುದು. ಮೂರು ಸಿಲಿಂಡರ್, ತಲೆಯ ಮೇಲೆ ವಾಲ್ವುಗಳನ್ನು ತೆರೆಯುವ ಒಂದೇ ಕ್ಯಾಮ್‌ಶಾಫ್ಟ್, ಸಿಲಿಂಡರಿಗೆ ಎರಡರಂತೆ ಆರು ವಾಲ್ವ್. ಬ್ಲಾಕ್ ಎರಕದ ಕಬ್ಬಿಣ, ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಅಲ್ಯೂಮಿನಿಯಂ. ಈ ಜೋಡಿಯನ್ನು ನೆನಪಿಟ್ಟುಕೊಳ್ಳಿ, ಕಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ, ಮುಂದೆ ಬರುವ ಬಿಸಿಯ ತಾಪತ್ರಯಕ್ಕೆ ಅದೇ ಮೂಲ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಹೊತ್ತಿಕೊಳ್ಳುವ ಸರದಿ, 1-3-2. ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಸಾಧನ) ಇರುವ ಗಾಡಿಯಲ್ಲಿ ಶಕ್ತಿ ಸುಮಾರು 40 ಕುದುರೆ, 2000ದ ಸುಮಾರಿಗೆ ಬಂದ, ಕಾರ್ಬುರೇಟರ್ ಬದಲು ಕಂಪ್ಯೂಟರು ಅಳೆದು ಪೆಟ್ರೋಲು ಚಿಮ್ಮಿಸುವ, ಎಂಪಿಎಫ್‌ಐ ಗಾಡಿಯಲ್ಲಿ 37. ಟಾರ್ಕ್, ಅಂದರೆ ತಿರುಗಿಸುವ ಬಲ, 59 ನ್ಯೂಟನ್ ಮೀಟರ್. ಈಗಿನ ಹುಡುಗರು ಈ ಅಂಕಿ ಕೇಳಿ ನಗುತ್ತಾರೆ, ಅವರ ಬೈಕಿನಲ್ಲೇ ಇಷ್ಟು ಕುದುರೆ ಇರುತ್ತವೆ. ಆದರೆ ಗಾಡಿಯ ತೂಕ 650 ಕಿಲೋ ಆಸುಪಾಸು. ಹಗುರ ಮೈ, ಕೆಳಗಿನ ವೇಗದಲ್ಲೇ ಸಿಗುವ ಎಳೆತ, ಊರೊಳಗೆ ಓಡಾಡಲು ಇದಕ್ಕಿಂತ ಹೆಚ್ಚು ಬೇಕಿಲ್ಲ. ಎಸಿ ಹಾಕಿ ನಾಲ್ಕು ಜನ ಕೂತು ಏರು ಹತ್ತಿದರೆ ಮಾತ್ರ ಪ್ರತಿಯೊಂದು ಕುದುರೆಯ ಉಸಿರೂ ಕೇಳಿಸುತ್ತದೆ.

1983ರ ಡಿಸೆಂಬರ್ 14ರಂದು ಮೊದಲ 800 ಹೊರಬಂತು. 1986ರಲ್ಲಿ ಮೈ ಬದಲಾಯಿತು, ಆಮೇಲೆ ದೀಪ, ಬಂಪರು, ಡ್ಯಾಶ್‌ಬೋರ್ಡು ಅಂತ ಒಂದೊಂದೇ ಬದಲಾದವು. ಎಂಜಿನ್ನಿನ ಮೂಲ ಕಟ್ಟು ಮಾತ್ರ 2014ರ ಜನವರಿ 18ರಂದು ಕೊನೆಯ ಗಾಡಿ ತಯಾರಾಗುವವರೆಗೂ ಹಾಗೇ ಇತ್ತು. ಇದರಿಂದ ನಮಗೆ ಸಿಕ್ಕಿದ ಲಾಭ ಏನೆಂದರೆ, ಜಿಲ್ಲಾ ಕೇಂದ್ರದ ಯಾವ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದರೂ ಗ್ಯಾಸ್ಕೆಟ್, ರಿಂಗ್ಸ್, ಬೇರಿಂಗ್ ಈಗಲೂ ಸಿಗುತ್ತವೆ. ಅಂಗಡಿಯವನು ಏಣಿ ಹತ್ತುವುದೂ ಇಲ್ಲ, ಕೈಗೆಟುಕುವ ಹಲಗೆಯಲ್ಲೇ ಇಟ್ಟಿರುತ್ತಾನೆ.

ಈಗ ನೀರಿನ ವಿಷಯ, ಅಂದರೆ ಎಂಜಿನ್ ತಣ್ಣಗಿಡಲು ಅದರೊಳಗೆ ಸುತ್ತಿ ರೇಡಿಯೇಟರಿನಲ್ಲಿ ಆರುವ ನೀರು. ಬೇರೆಯದನ್ನು ಓದದಿದ್ದರೂ ಪರವಾಗಿಲ್ಲ, ಇದನ್ನು ಓದಿ.

2013ರ ಮೇ ತಿಂಗಳು. ಧರ್ಮಸ್ಥಳಕ್ಕೆ ಹೋಗಿ ವಾಪಸು ಶಿರಾಡಿ ಘಾಟಿ ಹತ್ತುತ್ತಿದ್ದೆವು. ನಾನು, ನನ್ನ ಹೆಂಡತಿ, ಹಿಂದೆ ಅವಳ ಅಣ್ಣ. ಎರಡನೇ ಗೇರಿನಲ್ಲಿ ಲಾರಿಯೊಂದರ ಹಿಂದೆ ತೆವಳುತ್ತಿದ್ದಾಗ ಎಂಜಿನ್ ಬಿಸಿ ತೋರಿಸುವ ಮುಳ್ಳು ಮಧ್ಯ ದಾಟಿ ಹೋಗಿದ್ದನ್ನು ನಾನು ನೋಡಲೇ ಇಲ್ಲ. ಹಿಂದಿನಿಂದ ಭಾವ, "ಏನೋ ಕಬ್ಬಿಣ ಕಾದ ವಾಸನೆ ಬರ್ತಿದೆಯಲ್ಲ?" ಅಂದಾಗ ಮುಳ್ಳು ಮೇಲಿನ ಕೆಂಪು ಗೆರೆ ಮುಟ್ಟಿ ಕೂತಿತ್ತು. ಪಕ್ಕಕ್ಕೆ ಹಾಕಿ, ರೇಡಿಯೇಟರಿನ ಮುಚ್ಚಳ ಮುಟ್ಟದೆ ಮುಕ್ಕಾಲು ಗಂಟೆ ಕಾದು, ಆಮೇಲೆ ಬಟ್ಟೆ ಸುತ್ತಿ ತೆಗೆದೆ. ಒಳಗೆ ನೀರು ಅನ್ನುವುದಕ್ಕಿಂತ ಮಳೆಗಾಲದ ಮೊದಲ ವಾರದ ಹಳ್ಳ ಇದ್ದಂತಿತ್ತು. ಕೆಂಪು, ಮಂದ, ಬೆರಳಿಗೆ ಮೆತ್ತಿಕೊಳ್ಳುವಂಥದ್ದು. ಬಾಟಲಿ ನೀರು ಸುರಿದು ಹತ್ತಿಪ್ಪತ್ತು ಕಿಲೋಮೀಟರಿಗೊಮ್ಮೆ ನಿಲ್ಲಿಸುತ್ತ ಹಾಸನ ಮುಟ್ಟುವಾಗ ರಾತ್ರಿ ಹನ್ನೊಂದು.

ಮರುದಿನ ನಮ್ಮ ಮೆಕ್ಯಾನಿಕ್ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ನನ್ನ ಮುಂದೆ ಹಿಡಿದ. ಒಳಮೈಗೆ ಕಡೆದ ಬೆಣ್ಣೆಯಂತೆ ಬೆಳ್ಳಗಿನ ಲೇಪ. ಆಯಿಲ್ಲಿಗೆ ನೀರು ಸೇರಿತ್ತು. ಹೆಡ್ ಇಳಿಸಿ ಬೆಂಚಿನ ಮೇಲೆ ಬೋರಲು ಮಲಗಿಸಿದ. ಉಕ್ಕಿನ ಪಟ್ಟಿಯನ್ನು ಅಡ್ಡಡ್ಡಲಾಗಿ ಅಂಚಿನ ಮೇಲೆ ನಿಲ್ಲಿಸಿ, ಅದರ ಕೆಳಗೆ ಸಂದು ಅಳೆಯುವ ಫೀಲರ್ ಗೇಜಿನ ತೆಳು ಎಲೆ ತೂರಿಸಿದ. ಈ ಹೆಡ್ಡಿನ ಸೊಟ್ಟಕ್ಕೆ ಇರುವ ಮಿತಿ 0.05 ಮಿಲಿಮೀಟರ್. ಎರಡನೇ ಸಿಲಿಂಡರಿನ ಹತ್ತಿರ 0.15ರ ಎಲೆ ಸರಾಗವಾಗಿ ಆಚೆ ಬಂತು. ಅವನು ತಲೆ ಎತ್ತದೆ ಹೇಳಿದ: "ಮೇಷ್ಟ್ರೇ, ಇದು ಇವತ್ತಿಂದಲ್ಲ. ಇದರಲ್ಲಿ ಥರ್ಮೋಸ್ಟ್ಯಾಟೇ ಇಲ್ಲ."

ಹಿಂದೆ ಯಾರೋ, ಯಾವಾಗಲೋ, ಗಾಡಿ ಬಿಸಿಯಾಗುತ್ತದೆ ಅಂತ ಥರ್ಮೋಸ್ಟ್ಯಾಟ್, ಅಂದರೆ ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಕವಾಟವನ್ನು, ಕಿತ್ತು ಎಸೆದಿದ್ದರು. ಇದು ಜ್ವರ ಬಂದಿದೆ ಅಂತ ಥರ್ಮಾಮೀಟರ್ ಒಡೆದುಹಾಕಿದ ಹಾಗೆ. ಥರ್ಮೋಸ್ಟ್ಯಾಟ್ ತೆಗೆದರೆ ನೀರು ಸದಾ ರೇಡಿಯೇಟರಿನೊಳಗೆ ಓಡಾಡುತ್ತದೆ, ಬಯಲಿನಲ್ಲಿ ಮುಳ್ಳು ಮೇಲೇಳುವುದೇ ಇಲ್ಲ, ಗಾಡಿ ಸರಿಹೋಯಿತು ಅನ್ನಿಸುತ್ತದೆ. ಅಸಲಿಗೆ ರೇಡಿಯೇಟರಿನ ಕೊಳವೆಗಳು ಒಂದೊಂದೇ ಕಟ್ಟಿಕೊಳ್ಳುತ್ತಿರುತ್ತವೆ. ಘಾಟಿಯಂಥ ಪರೀಕ್ಷೆ ಬಂದ ದಿನ ಗುಟ್ಟು ರಟ್ಟಾಗುತ್ತದೆ. ಮಧ್ಯೆ ಇನ್ನೊಂದು ನಷ್ಟ ಸದ್ದಿಲ್ಲದೆ ಆಗುತ್ತಿರುತ್ತದೆ. ಎಂಜಿನ್ ಸರಿಯಾದ ಬಿಸಿಗೆ ಬರದೆ ಓಡಿದರೆ ಹೆಚ್ಚುವರಿ ಪೆಟ್ರೋಲು ಸಿಲಿಂಡರಿನ ಗೋಡೆಯ ಆಯಿಲ್ ತೊಳೆಯುತ್ತದೆ, ಪಿಸ್ಟನ್ನಿನ ರಿಂಗ್ ಬೇಗ ಸವೆಯುತ್ತದೆ, ಮೈಲೇಜು ಬೀಳುತ್ತದೆ.

ಕೊಳವೆ ಕಟ್ಟಿಕೊಳ್ಳಲು ಕಾರಣ ನಮ್ಮ ಕೊಳವೆಬಾವಿಯೇ. ಗಡಸು ನೀರು ಕಾದಾಗ ಸುಣ್ಣ ಬಿಡುತ್ತದೆ. ಸ್ನಾನದ ಹಂಡೆಯ ತಳ ನೋಡಿದವರಿಗೆ ಬೇರೆ ವಿವರಣೆ ಬೇಕಿಲ್ಲ. ಅದರ ಜೊತೆಗೆ ಕಬ್ಬಿಣದ ಬ್ಲಾಕ್ ಒಳಗಿಂದ ತುಕ್ಕು ಹಿಡಿದು ಉದುರುತ್ತದೆ. ನಾನು ಏಳು ವರ್ಷ ಸಂಪಿನ ನೀರನ್ನೇ ತುಂಬಿಸಿದ್ದೆ. ಕೂಲೆಂಟಿಗೆ ದುಡ್ಡು ಯಾಕೆ ಅನ್ನುವ ಜಾಣತನ. ಆ ಸಲ ಹೆಡ್ ಫೇಸಿಂಗ್ (ಸೊಟ್ಟ ಮೈ ಉಜ್ಜಿ ಸಮ ಮಾಡುವುದು), ಗ್ಯಾಸ್ಕೆಟ್ ಸೆಟ್, ರೇಡಿಯೇಟರಿಗೆ ಹೊಸ ಕೋರ್, ವಾಟರ್ ಪಂಪ್, ಕೂಲಿ ಎಲ್ಲ ಸೇರಿ 8,600 ರೂಪಾಯಿ ತೆತ್ತೆ. ಅಂದಿನಿಂದ ಹಸಿರು ಕೂಲೆಂಟ್, ಎರಡು ವರ್ಷಕ್ಕೊಮ್ಮೆ ಬದಲಾವಣೆ, ಥರ್ಮೋಸ್ಟ್ಯಾಟ್ ತನ್ನ ಜಾಗದಲ್ಲಿ. ಅದೇ ಶಿರಾಡಿಯನ್ನು ಆಮೇಲೆ ಎಷ್ಟೋ ಸಲ ಹತ್ತಿದ್ದೇನೆ, ಮುಳ್ಳು ಮಧ್ಯ ದಾಟಿಲ್ಲ.

ಆದ್ದರಿಂದ ಹಳೇ 800 ನೋಡಲು ಹೋದವರು ಮೀಟರ್ ಎಷ್ಟು ಓಡಿದೆ ಅಂತ ಕೇಳುವ ಮೊದಲು ಬಾನೆಟ್ ಎತ್ತಿಸಿ. ಎಂಜಿನ್ ತಣ್ಣಗಿರಬೇಕು, ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದರೆ ಅನುಮಾನಪಡಿ. ರೇಡಿಯೇಟರ್ ಮುಚ್ಚಳ ತೆಗೆದು ಬೆರಳು ಹಾಕಿ. ಕೆಂಪು ಕೆಸರು ಬಂದರೆ ಬೆಲೆಯಲ್ಲಿ ಒಂದು ಹೆಡ್ ಕೆಲಸದ ಖರ್ಚು ಇಳಿಸಿ ಮಾತಾಡಿ. ಆಯಿಲ್ ಮುಚ್ಚಳದ ಒಳಗೆ ಬಿಳಿ ಲೇಪ ಇದೆಯೇ ನೋಡಿ. ಆಮೇಲೆ ಸ್ಟಾರ್ಟ್ ಮಾಡಿಸಿ ಮೇಲಿನ ದಪ್ಪ ಹೋಸನ್ನು ಹಿಚುಕಿ. ಎಂಜಿನ್ ಇನ್ನೂ ಬಿಸಿಯಾಗಿಲ್ಲ, ಆಗಲೇ ಹೋಸ್ ಕಲ್ಲಿನಂತೆ ಬಿಗಿದಿದ್ದರೆ ಸಿಲಿಂಡರಿನ ಒತ್ತಡ ನೀರಿಗೆ ನುಗ್ಗುತ್ತಿದೆ, ಹೆಡ್ಡಿಗೂ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್ ಹೋಗಿದೆ ಅಂತಲೇ ಲೆಕ್ಕ. ಇನ್ನು ಕೂಲಿಂಗ್ ಫ್ಯಾನು. ಇದರದು ಕರೆಂಟಿನ ಫ್ಯಾನು, ಬೆಲ್ಟಿನಿಂದ ತಿರುಗುವುದಲ್ಲ. ಆದರೂ ಆಲ್ಟರ್ನೇಟರನ್ನೂ ವಾಟರ್ ಪಂಪನ್ನೂ ತಿರುಗಿಸುವ ಪಟ್ಟಿಗೆ ಎಲ್ಲರೂ ಫ್ಯಾನ್ ಬೆಲ್ಟ್ ಅಂತಲೇ ಅನ್ನುತ್ತಾರೆ, ನಾನೂ ಅನ್ನುತ್ತೇನೆ. ಗಾಡಿಯನ್ನು ನಿಂತಲ್ಲೇ ಹದಿನೈದು ನಿಮಿಷ ಓಡಲು ಬಿಟ್ಟು, ಫ್ಯಾನು ತಾನಾಗಿ ತಿರುಗಿ, ತಾನಾಗಿ ನಿಲ್ಲುತ್ತದೆಯೇ ನೋಡಿ. ಕೀ ಹಾಕಿದ ಕೂಡಲೇ ತಿರುಗಿದರೆ ಯಾರೋ ಡೈರೆಕ್ಟ್ ಕನೆಕ್ಷನ್ ಕೊಟ್ಟಿದ್ದಾರೆ, ಅಂದರೆ ಬಿಸಿಯ ಕಾಯಿಲೆ ಮುಚ್ಚಿಟ್ಟಿದ್ದಾರೆ.

ಹೊಗೆಯ ವಿಚಾರದಲ್ಲಿ ಜನ ಬೇಗ ಹೆದರುತ್ತಾರೆ. ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಒಂದು ಪುಸ್ ಅಂತ ನೀಲಿ ಹೊಗೆ ಬಂದು ನಿಂತುಹೋದರೆ ಅದು ವಾಲ್ವ್ ಸೀಲು. ರಾತ್ರಿಯೆಲ್ಲ ತೊಟ್ಟಿಕ್ಕಿದ ಆಯಿಲ್ ಒಮ್ಮೆಗೇ ಉರಿಯುತ್ತದೆ. ಅಗ್ಗದ ರಬ್ಬರ್ ತುಂಡು, ಕೂಲಿಯೇ ಹೆಚ್ಚು. ಆದರೆ ಏರಿನಲ್ಲಿ ಒತ್ತಿದಾಗಲೆಲ್ಲ ಹಿಂದಿನ ಗಾಡಿ ಮರೆಯಾಗುವಷ್ಟು ನೀಲಿ ಹೊಗೆ ಬಂದರೆ ರಿಂಗು ಹೋಗಿದೆ, ಎಂಜಿನ್ ಅರ್ಧ ಬಿಚ್ಚುವ ಕೆಲಸ ಕಾದಿದೆ. ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, ಸವೆದಿದ್ದರೆ 0.25, 0.50 ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್ ಬರುತ್ತವೆ, ಒಂದೆರಡು ಜನ್ಮ ಇದೆ ಅಂದುಕೊಳ್ಳಿ. ನನ್ನದಕ್ಕೆ ಎರಡನೇ ಸಲ, 2019ರಲ್ಲಿ, 0.25 ಹಾಕಿಸಿದೆ. ಕ್ಯಾಲಿಪರ್ ಹಿಡಿದು ನಾನೇ ಅಳೆದು ಲೆಕ್ಕ ಮಾಡಿದೆ: 68.75ಕ್ಕೆ ಸುಮಾರು 802 ಸಿಸಿ. ಆರು ಸಿಸಿ ಲಾಭ! ಹೆಂಡತಿಗೆ ಹೇಳಿದರೆ, "ಅದಕ್ಕೇನು, ಹಾಲು ಅಳೀಬಹುದಾ?" ಅಂದಳು.

ಆಯಿಲ್ ಸೋರಿಕೆ ಇದರ ಹುಟ್ಟುಗುಣವಲ್ಲ, ಮುಪ್ಪಿನ ಗುಣ. ಟ್ಯಾಪೆಟ್ ಕವರಿನ ಗ್ಯಾಸ್ಕೆಟ್ ಗಟ್ಟಿಯಾಗುತ್ತದೆ, ಕ್ಯಾಮ್‌ಶಾಫ್ಟಿನ ತುದಿಯಲ್ಲಿ ಕೂತು ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಓ-ರಿಂಗ್ ಒಣಗಿ ಜಿನುಗುತ್ತದೆ. ಎರಡೂ ಮನೆಯಲ್ಲೇ ಮಾಡಬಹುದಾದ ಕೆಲಸ. ಡಿಸ್ಟ್ರಿಬ್ಯೂಟರ್ ಬಿಚ್ಚುವ ಮೊದಲು ಅದರ ಮೈಗೂ ಕೇಸಿಗೂ ಸೇರಿ ಒಂದು ಗೆರೆ ಗೀಚಿಕೊಳ್ಳಿ. ಒಳಗೆ ರೋಟರ್ ಎತ್ತ ಮುಖ ಮಾಡಿದೆ ಅನ್ನುವುದಕ್ಕೂ ಗುರುತು ಹಾಕಿಕೊಳ್ಳಿ. ಇಲ್ಲದಿದ್ದರೆ ಟೈಮಿಂಗ್ ತಪ್ಪಿ ಸಂಜೆಯವರೆಗೂ ಸೆಲ್ಫ್ ಹೊಡೆಯುತ್ತ ಕೂರಬೇಕಾದೀತು. ಅನುಭವದ ಮಾತು. ಆಯಿಲ್ಲಿಗೆ ಮೂರು ಲೀಟರಿನ ಕ್ಯಾನ್ ಒಂದು ಸಾಕು. ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ತಾನಾಗಿ ಏರುತ್ತಿದ್ದರೆ ಖುಷಿಪಡಬೇಡಿ, ಮೂಸಿ ನೋಡಿ. ಕಾರ್ಬುರೇಟರ್ ಗಾಡಿಯ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತದೆ, ಕ್ಯಾಮ್‌ಶಾಫ್ಟೇ ಅದನ್ನು ಒತ್ತುತ್ತದೆ. ಅದರೊಳಗಿನ ಡಯಾಫ್ರಮ್ (ತೆಳು ಪೊರೆ) ಹರಿದರೆ ಪೆಟ್ರೋಲು ಸೀದಾ ಆಯಿಲ್ಲಿಗೆ ಇಳಿಯುತ್ತದೆ. ಹಾಗೆ ಓಡಿಸಿದರೆ ಬೇರಿಂಗ್ ಉಳಿಯುವುದಿಲ್ಲ.

ಕ್ಯಾಮ್‌ಶಾಫ್ಟನ್ನು ತಿರುಗಿಸುವ ಟೈಮಿಂಗ್ ಬೆಲ್ಟ್ ಬಗ್ಗೆ ಒಂದೇ ಮಾತು. ಯಾವಾಗ ಹಾಕಿದ್ದು ಅನ್ನುವುದಕ್ಕೆ ಬಿಲ್ಲು ತೋರಿಸದಿದ್ದರೆ ಹಾಕಿಲ್ಲ ಅಂತಲೇ ತಿಳಿದು, ಗಾಡಿ ಮನೆಗೆ ತಂದ ವಾರವೇ ಬದಲಾಯಿಸಿ. ಅದನ್ನು ಬಿಚ್ಚಿದಾಗಲೇ ಟೆನ್ಷನರ್, ಕ್ರ್ಯಾಂಕ್ ಸೀಲ್, ಕ್ಯಾಮ್ ಸೀಲ್ ಮೂರನ್ನೂ ಮುಗಿಸಿಬಿಡಿ.

ನಿಂತಾಗ ಸ್ಟೀರಿಂಗು, ಗೇರ್ ಲಿವರು ನಡುಗುತ್ತವೆ ಅನ್ನುವ ದೂರು ಎಲ್ಲರದ್ದೂ. ಮೂರು ಸಿಲಿಂಡರ್ ಎಂಜಿನ್ ಸ್ವಲ್ಪ ನಡುಗುವುದು ಅದರ ಜಾಯಮಾನ. ಆದರೆ ಕನ್ನಡಿಯಲ್ಲಿ ಹಿಂದಿನ ಬಸ್ಸು ಎರಡಾಗಿ ಕಂಡರೆ ಅದು ಜಾಯಮಾನವಲ್ಲ, ಎಂಜಿನ್ ಕೂರುವ ರಬ್ಬರ್ ಮೌಂಟಿಂಗ್ ಹೋಗಿದೆ. ಕೆಲವರು ಮೌಂಟಿಂಗ್ ಹಾಕಿಸದೆ ಕಾರ್ಬುರೇಟರಿನ ಸ್ಕ್ರೂ ತಿರುಗಿಸಿ ಐಡ್ಲಿಂಗ್ (ಎಂಜಿನ್ ನಿಂತಲ್ಲೇ ತಿರುಗುವ ವೇಗ) ಏರಿಸಿಕೊಂಡು ಓಡಾಡುತ್ತಾರೆ. ಪೆಟ್ರೋಲ್ ಬಂಕಿನವರಿಗೆ ಸಂತೋಷ.

ಪೆಟ್ರೋಲಿನ ಮಾತು ಬಂದದ್ದರಿಂದ ಹೊಸ ತಲೆನೋವಿನ ಕಡೆಗೆ ಬರುತ್ತೇನೆ. ಇದರ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಮಿಶ್ರಣವನ್ನು ಅದುಮುವ ಪ್ರಮಾಣ, ಕಡಿಮೆ, 8.7ಕ್ಕೆ 1. ಆದ್ದರಿಂದ ಬಂಕಿನಲ್ಲಿ ಪ್ರೀಮಿಯಂ ಪೆಟ್ರೋಲು ಹಾಕಿಸುವುದು ದಂಡ, ಸಾದಾ ಪೆಟ್ರೋಲಿಗೇ ಎಂಜಿನ್ ಕುಟ್ಟುವುದಿಲ್ಲ, ಅಂದರೆ ಒಳಗೆ ಹೊತ್ತಲ್ಲದ ಹೊತ್ತಿನಲ್ಲಿ ಉರಿದು ಟಕಟಕ ಅನ್ನುವುದಿಲ್ಲ. ಈಗ ಆ ಸಾದಾ ಪೆಟ್ರೋಲಿನಲ್ಲೇ ನೂರಕ್ಕೆ 20 ಎಥೆನಾಲ್. ನನ್ನ ಕಾರು ತಯಾರಾದಾಗ ಇಂಥದ್ದೊಂದು ಬರುತ್ತದೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಐದರಲ್ಲಿ ಒಂದು ಪಾಲು ಅದೇ ಇದ್ದರೆ ಒಟ್ಟು ನಷ್ಟ ನೂರಕ್ಕೆ ಆರೇಳು. ಟ್ಯಾಂಕ್ ಫುಲ್ ಮಾಡಿಸಿ ಅಳೆಯುವ ಚಟ ನನಗೆ ಮೊದಲಿನಿಂದ ಇದೆ. ಲೀಟರಿಗೆ ಹದಿನಾರೂವರೆ ಕೊಡುತ್ತಿದ್ದದ್ದು ಹದಿನೈದೂವರೆಗೆ ಇಳಿಯಿತು. ಲೆಕ್ಕಕ್ಕೆ ಲೆಕ್ಕ ಸರಿಹೋಯಿತು.

ಮೈಲೇಜಿಗಿಂತ ಮುಖ್ಯವಾದದ್ದು ಎರಡಿವೆ. ಎಥೆನಾಲಿನಲ್ಲೇ ಆಮ್ಲಜನಕ ಇರುವುದರಿಂದ ಅದಕ್ಕೆ ಗಾಳಿ ಕಡಿಮೆ ಸಾಕು. ಎಂಪಿಎಫ್‌ಐ ಗಾಡಿಯಲ್ಲಿ ಸೈಲೆನ್ಸರ್ ಕಡೆಯ ಸೆನ್ಸರ್ ಇದನ್ನು ಕಂಡುಹಿಡಿದರೆ ಕಂಪ್ಯೂಟರು ಪೆಟ್ರೋಲು ಹೆಚ್ಚಿಸಿಕೊಳ್ಳುತ್ತದೆ. ಕಾರ್ಬುರೇಟರಿಗೆ ಅಂಥ ಬುದ್ಧಿ ಇಲ್ಲ, ಜೆಟ್ಟಿನ ತೂತು ಎಷ್ಟೋ ಅಷ್ಟೇ. ಮಿಶ್ರಣ ತೆಳುವಾಗಿ, ಬೆಳಗ್ಗೆ ಚೋಕ್ ಹೆಚ್ಚು ಹೊತ್ತು ಎಳೆದಿಡಬೇಕು, ಎರಡನೇ ಗೇರಿನಲ್ಲಿ ಒತ್ತಿದರೆ ಒಮ್ಮೆ ಮುಗ್ಗರಿಸಿ ಆಮೇಲೆ ಎಳೆಯುತ್ತದೆ. ಐಡ್ಲಿಂಗ್ ಮಿಕ್ಸ್ಚರ್ ಸ್ಕ್ರೂ ಅರ್ಧ ಸುತ್ತು ಬಿಚ್ಚಿಸಿದ ಮೇಲೆ ನನ್ನದು ನಿಂತಾಗ ಆರುವುದು ತಪ್ಪಿತು. ಇನ್ನೊಂದು ರಬ್ಬರಿನದು. ಟ್ಯಾಂಕಿನಿಂದ ಪಂಪಿಗೆ, ಪಂಪಿನಿಂದ ಕಾರ್ಬುರೇಟರಿಗೆ ಹೋಗುವ ಹೋಸುಗಳನ್ನು ಬಾಗಿಸಿ ನೋಡಿ. ನನ್ನ ಒಂದು ಹೋಸಿನ ತುದಿ ಉಬ್ಬಿ, ಉಗುರಿನಿಂದ ಗೀರಿದರೆ ಕಪ್ಪು ಪುಡಿ ಬರುತ್ತಿತ್ತು. ಬಿಸಿ ಎಂಜಿನ್ನಿನ ಪಕ್ಕ ಪೆಟ್ರೋಲು ತೊಟ್ಟಿಕ್ಕಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಎಥೆನಾಲ್ ತಡೆಯುವ ಒಳ್ಳೇ ಗುಣಮಟ್ಟದ ಹೋಸ್ ಮೀಟರ್ ಲೆಕ್ಕದಲ್ಲಿ ತಂದು ಎಲ್ಲವನ್ನೂ ಬದಲಾಯಿಸಿದೆ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವವರಾದರೆ ಟ್ಯಾಂಕ್ ತುಂಬಿಸಿಯೇ ಇಡಿ. ಎಥೆನಾಲ್ ಗಾಳಿಯ ತೇವ ಕುಡಿಯುತ್ತದೆ, ಖಾಲಿ ಟ್ಯಾಂಕಿನಲ್ಲಿ ಕುಡಿಯಲು ಜಾಗ ಹೆಚ್ಚು.

ಯಾವುದಕ್ಕೆ ಯಾವುದು ಹೊಂದುತ್ತದೆ ಅನ್ನುವ ಪ್ರಶ್ನೆ ಕೊನೆಗೆ ಬಂದೇ ಬರುತ್ತದೆ. ಓಮ್ನಿಯಲ್ಲಿರುವುದೂ ಇದೇ ಎಫ್8ಬಿ. ರಿಂಗ್ಸ್, ಬೇರಿಂಗ್, ಹೆಡ್ ಗ್ಯಾಸ್ಕೆಟ್ ಪೊಟ್ಟಣದ ಮೇಲೆ '800/ಓಮ್ನಿ' ಅಂತಲೇ ಬರೆದಿರುತ್ತದೆ. ಹಾಗಂತ ಗುಜರಿಯಲ್ಲಿ ಸಿಕ್ಕಿದ ಓಮ್ನಿ ಎಂಜಿನ್ ಎತ್ತಿಕೊಂಡು ಬಂದು 800ಕ್ಕೆ ಕೂರಿಸಲಾಗುವುದಿಲ್ಲ. 800ರಲ್ಲಿ ಎಂಜಿನ್ ಅಡ್ಡಡ್ಡ ಕೂತು ಮುಂದಿನ ಚಕ್ರ ಎಳೆಯುತ್ತದೆ, ಓಮ್ನಿಯಲ್ಲಿ ಸೀಟಿನ ಕೆಳಗೆ ಉದ್ದಕ್ಕೆ ಮಲಗಿ ಹಿಂದಿನ ಚಕ್ರ ತಿರುಗಿಸುತ್ತದೆ. ಗೇರ್‌ಬಾಕ್ಸು, ಮೌಂಟಿಂಗು ಬೇರೆ ಬೇರೆ. ಒಳಗಿನ ಕರುಳು ಒಂದೇ, ಹೊರಗಿನ ಅಂಗಿ ಬೇರೆ.

ಆಲ್ಟೋ ಎಂಜಿನ್ ಹಾಕಿಸುವ ಆಸೆ ಹುಡುಗರಿಗೆ. ಅದು ಎಫ್8ಡಿ. ಬೋರು, ಸ್ಟ್ರೋಕು ಇದರದ್ದೇ, ಅದೇ 796 ಸಿಸಿ. ಆದರೆ ಸಿಲಿಂಡರಿಗೆ ನಾಲ್ಕರಂತೆ ಹನ್ನೆರಡು ವಾಲ್ವು, ಶಕ್ತಿ 46 ಕುದುರೆಯ ಆಸುಪಾಸು. ಒಂದು ಹೊತ್ತು ಐದು ಗೇರಿನ 800ಕ್ಕೂ ಇದನ್ನು ಕಂಪನಿಯೇ ಹಾಕಿತ್ತು. ಆದ್ದರಿಂದ ಜಾಗಕ್ಕೆ ಕೂರುತ್ತದೆ, ಸುಳ್ಳಲ್ಲ. ಕಾರ್ಬುರೇಟರ್ ಗಾಡಿಗೆ ಹಾಕುವಾಗ ವೈರಿಂಗು, ಕಂಪ್ಯೂಟರು, ಟ್ಯಾಂಕಿನೊಳಗಿನ ಕರೆಂಟು ಪಂಪು, ಸೈಲೆನ್ಸರಿನ ಸೆನ್ಸರು ಎಲ್ಲ ಜೊತೆಗೇ ಬರಬೇಕು. ಇಷ್ಟು ಮಾಡಿಸುವ ದುಡ್ಡಿಗೆ ಇನ್ನೊಂದು ಹಳೇ ಆಲ್ಟೋನೇ ಬರುತ್ತದೆ. ಹೆಡ್ ಮಾತ್ರ ತಂದು ಹಳೇ ಬ್ಲಾಕಿಗೆ ಹಾಕಿಕೊಡುತ್ತೇನೆ ಅನ್ನುವವರಿಂದ ದೂರ ಇರಿ. ದೇವೂ ಕಂಪನಿಯ ಮಟೀಜ್ ಕಾರಿನ ಎಂಜಿನ್ ಕೂಡ ಇದೇ ವಂಶದ್ದು, ಅದೂ 68.5, 72. ನೆಂಟಸ್ತನ ಬಿಟ್ಟರೆ ಅದರಿಂದ ನಮಗೆ ಪ್ರಯೋಜನವಿಲ್ಲ.

ಎಂಜಿನ್ ಬದಲಾಯಿಸಿದರೆ ನಂಬರೂ ಬದಲಾಗುತ್ತದೆ, ಅದು ಆರ್‌ಸಿಯಲ್ಲಿ ಸೇರಬೇಕು. ಗುಜರಿಯಿಂದ ತಂದ ಎಂಜಿನ್ನಿಗೆ ಬಿಲ್ಲಿಲ್ಲದಿದ್ದರೆ ಆರ್‌ಟಿಒ ಕಚೇರಿಯ ಮುಂದೆ ಚಪ್ಪಲಿ ಸವೆಯುತ್ತದೆ. ಹದಿನೈದು ವರ್ಷ ಕಳೆದ ಗಾಡಿಗೆ ಐದು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸುವಾಗ ಆ ನಂಬರನ್ನೇ ಅವರು ನೋಡುವುದು. 2022ರ ಏಪ್ರಿಲ್‌ನಿಂದ ಹೀಗೆ ಆರ್‌ಸಿ ನವೀಕರಿಸುವ ಶುಲ್ಕವೇ 600ರಿಂದ 5,000 ರೂಪಾಯಿಗೆ ಏರಿತು, ನನ್ನ ಸರದಿ ಅದೇ ವರ್ಷ ಬಂದಿತ್ತು. ಇನ್ಸ್‌ಪೆಕ್ಟರು ಟಾರ್ಚ್ ಹಿಡಿದು ಬ್ಲಾಕಿನ ಮೇಲಿನ ನಂಬರ್ ಹುಡುಕುವಾಗ ಅದು ಎಣ್ಣೆ ಮಡ್ಡಿಯ ಕೆಳಗೆ ಹೂತುಹೋಗಿತ್ತು. ಡೀಸೆಲ್ ಹಾಕಿ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ, ಸೀಮೆಸುಣ್ಣ ಸವರಿ ತೋರಿಸಿದೆ. ಅಕ್ಷರಗಳು ಬೆಳ್ಳಗೆ ಎದ್ದು ಬಂದವು. ಜೇಬಿನಲ್ಲಿ ಸೀಮೆಸುಣ್ಣ ಹೇಗೆ ಬಂತು ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮುಂದಿನ ನವೀಕರಣ 2027ಕ್ಕೆ. ಅಷ್ಟರಲ್ಲಿ ಆಗಬೇಕಾದ ಕೆಲಸ ಸಣ್ಣದೇ: ಡಿಸ್ಟ್ರಿಬ್ಯೂಟರಿನ ಓ-ರಿಂಗ್ ಮತ್ತೆ ಜಿನುಗುತ್ತಿದೆ. ಕಾರಿನ ಕೆಳಗೆ ಹಾಸಿದ ರಟ್ಟಿನ ಮೇಲೆ ದಿನಕ್ಕೆ ಎರಡು ಹನಿ, ಕಳೆದ ತಿಂಗಳು ಒಂದಿತ್ತು. ಹೊಸ ರಿಂಗ್ ತಂದಿಟ್ಟಿದ್ದೇನೆ, ಈ ಭಾನುವಾರ ಬಿಚ್ಚುತ್ತೇನೆ. ಗೆರೆ ಗೀಚಿಕೊಂಡೇ.